ಕಣ್ಣೀರಿನ ಕಡತ

ದೇವರಾಜುವಿನ ಮುತ್ತಾತ ಕರೀಗೌಡ ಅಳುತ್ತಿದ್ದ ಎಂಬ ಸುದ್ದಿ ನಮ್ಮ ಕೊಪ್ಪಲಿಗೆ ತಿಳಿದದ್ದು ಆ ಮನುಷ್ಯ ಸತ್ತು ಎಂಬತ್ತು ವರ್ಷದ ಮೇಲೆ. ಬದುಕಿದ್ದಾಗ ಅವನು ಬೇರೆಯವರನ್ನು ಅಳಿಸಿದ್ದು ಮಾತ್ರ ಊರಿಗೆ ಗೊತ್ತಿತ್ತು. ಅಳುವ ಕರೀಗೌಡನನ್ನು ಕಂಡುಹಿಡಿದವರು ಕೆ.ಆರ್. ನಗರದ ಕಾಂತರಾಜು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ಯಾರ ಮನೆಯ ಗೃಹಪ್ರವೇಶವಾದರೂ ಆ ವಂಶದ ಮೇಲೆ ಒಂದು ಪದ್ಯ ಕಟ್ಟಿಕೊಂಡು ಹೋಗಿ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುವವರು.

ನಾನು ಕಂಠಪ್ಪ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂದು ಮೂವತ್ತನಾಲ್ಕು ವರ್ಷ ವೆಟರ್ನರಿ ಇನ್‌ಸ್ಪೆಕ್ಟರ್ ಆಗಿ ದನಗಳ ಹಿಂದೆ ಅಲೆದವನು. ವೀರನಹೊಸಹಳ್ಳಿಯ ಕಡೆ ಕಾಡಂಚಿನಲ್ಲಿ ಚಿರತೆ ಹರಿದ ಕರುಗಳಿಗೆ ಹೊಲಿಗೆ ಹಾಕಿದ್ದೇನೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ಮಲಗಿದ ಎತ್ತುಗಳಿಗೆ ಗ್ಲೂಕೋಸ್ ಏರಿಸಿದ್ದೇನೆ. ಡಾಕ್ಟರಲ್ಲದಿದ್ದರೂ ಎಲ್ಲರಿಗೂ ನಾನು ದನದ ಡಾಕ್ಟ್ರು. ನಿವೃತ್ತಿಯಾದ ಮೇಲೆ ಹೆಂಡತಿಯ ಊರಾದ ಈ ಕೊಪ್ಪಲಿಗೆ ಬಂದು ನಿಂತೆ. ಸಾಲಿಗ್ರಾಮಕ್ಕೂ ಚುಂಚನಕಟ್ಟೆಗೂ ನಡುವೆ, ನಾಲೆಯ ಪಕ್ಕ ಇರುವ ಊರು. ಭುಜದವರೆಗೆ ಹಸುವಿನೊಳಗೆ ಕೈ ಹಾಕಿದ ನನಗೆ ಯಾವುದಕ್ಕೂ ಅಷ್ಟು ಬೇಗ ಹೇಸಿಗೆ ಆಗುವುದಿಲ್ಲ. ಕಾಂತರಾಜು ಬರೆದ ಪುಸ್ತಕ ಓದಿದಾಗ ಆಯಿತು.

ಮೊದಲಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ದೇವರಾಜು ತನ್ನ ಹಳೆಯ ಕೊಟ್ಟಿಗೆಯ ಅರ್ಧ ಕೆಡವಿ ಕಾರು ನಿಲ್ಲಿಸಲು ಶೆಡ್ಡು ಕಟ್ಟಿಸಲು ಹೊರಟ. ಅವನು ರಸ್ತೆ, ಚರಂಡಿ ಕಾಂಟ್ರಾಕ್ಟರು. ಹೆಂಚು ಇಳಿಸುವಾಗ ಜಂತೆಯ ಸಂದಿಯಲ್ಲಿ ಬಟ್ಟೆ ಸುತ್ತಿದ ಒಂದು ಕಡತ ಸಿಕ್ಕಿತು. ದಪ್ಪ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಬೀಸಣಿಗೆಯ ಹಾಗೆ ಮಡಿಸಿಟ್ಟ ಹಳೇ ಕಾಲದ ಪುಸ್ತಕ ಅದು. ಬಳಪದಲ್ಲಿ ಬರೆದರೆ ಅಕ್ಷರ ಬೆಳ್ಳಗೆ ಏಳುತ್ತದೆ. ಒದ್ದೆ ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಮತ್ತೆ ಬರೆಯಬಹುದು. ದೇವರಾಜು ಅದನ್ನು ಒಲೆಗೆ ಹಾಕುವವನಿದ್ದ. ಅಷ್ಟರಲ್ಲಿ ಕಾಂತರಾಜು ಕಾಫಿ ಕುಡಿಯಲು ಬಂದರು.

ಅಲ್ಲಿಗೆ ಕೊಟ್ಟಿಗೆಯ ಕಡತ ಕರೀಗೌಡ ಬರೆದ ಗ್ರಂಥವಾಯಿತು. ಆರು ತಿಂಗಳಲ್ಲಿ ತೊಂಬತ್ತಾರು ಪುಟದ ವ್ಯಾಖ್ಯಾನ ಅಚ್ಚಾಗಿ ಬಂತು. ರಟ್ಟಿನ ಮೇಲೆ ಪೇಟ ಕಟ್ಟಿದ, ಕಣ್ಣು ಮುಚ್ಚಿದ ಕರೀಗೌಡ. ಕಡತದ ಮಡಿಕೆಗಳ ಮೇಲೆ ಅಲ್ಲಲ್ಲಿ ದುಂಡಗೆ ಬಿಳಿಚಿದ ಕಲೆಗಳಿದ್ದವು. ಅವು ಬರೆಯುವಾಗ ಭಕ್ತಿ ಉಕ್ಕಿ ಬಿದ್ದ ಕಣ್ಣೀರು ಎಂದು ಕಾಂತರಾಜು ತೀರ್ಮಾನಿಸಿದರು. ಶೆಡ್ಡು ಕಟ್ಟಬೇಕಾದ ಜಾಗದಲ್ಲಿ ದೇವರಾಜು ಗ್ರಾನೈಟಿನ ಮಂಟಪ ಕಟ್ಟಿಸಿ, ಗಾಜಿನ ಪೆಟ್ಟಿಗೆಯಲ್ಲಿ ಕಡತವನ್ನಿಟ್ಟು, ‘ಕಣ್ಣೀರಿನ ಕಡತ’ ಎಂದು ಬೋರ್ಡು ಹಾಕಿಸಿದ. ಕಾರು ಬಿಸಿಲಲ್ಲೇ ನಿಂತಿತು.

ಕಡತದಲ್ಲಿ ಇದ್ದದ್ದು ಏನು? ಒಂದು ಮಡಿಕೆ ಹೇಳುತ್ತೇನೆ: ‘ಕಸ ಬೀಳದೆ ನಿಂತರೆ ಬಿದಿರೆಲೆ ತಿನಿಸು. ಬೆಲ್ಲ ಕೂಡಿಸು. ಮೂರು ಹೊತ್ತು ನೋಡು. ಆಮೇಲೆ ಕೈ ಇಡು.’

ಹಸು ಕಟ್ಟಿದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಕರು ಹಾಕಿದ ಮೇಲೆ ಹಸುವಿನ ಹೊಟ್ಟೆಯಿಂದ ಕಸ ಬೀಳಬೇಕು. ಕರುವನ್ನು ಒಳಗೆ ಸುತ್ತಿಕೊಂಡಿದ್ದ ಚೀಲ ಅದು. ಬೀಳದಿದ್ದರೆ ಕೊಳೆತು ಹಸು ಸಾಯುತ್ತದೆ. ಬಿದಿರೆಲೆಗೆ ಬೆಲ್ಲ ಬೆರೆಸಿ ಕೊಡುವುದು ನಮ್ಮ ಕಡೆ ಇವತ್ತಿಗೂ ಇದೆ. ಆದರೆ ಕಾಂತರಾಜು ಹಸು ಕಟ್ಟಿದವರಲ್ಲ. ಅವರ ವ್ಯಾಖ್ಯಾನದಲ್ಲಿ ಕಸ ಎಂದರೆ ಜನ್ಮಾಂತರದ ಕರ್ಮ. ಬಿದಿರು ಎಂದರೆ ಟೊಳ್ಳಾದ ಬೆನ್ನುಹುರಿ, ಬೆಲ್ಲ ಎಂದರೆ ಗುರುಕೃಪೆ, ಮೂರು ಹೊತ್ತು ಎಂದರೆ ಬಾಲ್ಯ ಯೌವನ ಮುಪ್ಪು. ಕೈ ಇಡುವುದೆಂದರೆ ಗುರು ಶಿಷ್ಯನ ತಲೆಯ ಮೇಲೆ ಕೈ ಇಡುವುದು. ಗುರು ಅಲ್ಲಿ ಎಲ್ಲಿ ಕೈ ಇಡುತ್ತಾನೆಂದು ನನಗೆ ಗೊತ್ತು. ಇನ್ನೊಂದು ಕಡೆ ‘ಕೆಚ್ಚಲು ಬಾತರೆ ಲೋಳೆಸರ ಅರಿಸಿನ ಸುಣ್ಣ ಅರೆದು ಹಚ್ಚು’ ಅಂತಿತ್ತು. ಕೆಚ್ಚು ಎಂದರೆ ಧೈರ್ಯ, ಧೈರ್ಯ ಬಾತುಕೊಂಡರೆ ಅಹಂಕಾರ ಎಂದು ನಾಲ್ಕು ಪುಟ ಎಳೆದಿದ್ದರು. ಕೆಚ್ಚಲು ಎಲ್ಲಿರುತ್ತದೆಂದು ತಿಳಿಯದವನ ಕೈಗೆ ಪೆನ್ನು ಕೊಟ್ಟರೆ ಹೀಗೇ ಆಗುವುದು.

ಡೇರಿಗೆ ಹಾಲು ತರುವ ಹೆಂಗಸರು ಪುಸ್ತಕದ ವಿಷಯ ಬಂದರೆ ಬಾಯಿಗೆ ಸೆರಗು ಹಿಡಿದುಕೊಳ್ಳುತ್ತಿದ್ದರು. ಎದುರಿಗೆ ಯಾರೂ ಹೇಳಲಿಲ್ಲ. ನಾನು ಒಂದು ಸಲ ಹೇಳಿದೆ. ಕಾಂತರಾಜು ಕರುಣೆಯಿಂದ ನನ್ನನ್ನು ನೋಡಿದರು.

“ಹೊರ ಅರ್ಥ ದನದ ಡಾಕ್ಟರಿಗೆ, ಒಳ ಅರ್ಥ ಜ್ಞಾನಿಗಳಿಗೆ. ಎರಡೂ ಇರಲಿ ಬಿಡಿ ಕಂಠಪ್ಪನವರೇ.”

ನಾನು ಮನೆಗೆ ಬಂದೆ. ನನ್ನ ಮರ್ಯಾದೆ ಹೋದದ್ದಕ್ಕಿಂತ ಅವರ ಆ ಮುಗುಳ್ನಗೆಗೆ ಮೈ ಉರಿಯಿತು.

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತೇನೋ. ಒಂದು ದಿನ ಮಲ್ಲಾಜಮ್ಮ ಮಂಟಪದ ಮುಂದೆ ಬಂದು ನಿಂತಳು. ಆಕೆ ಊರಾಚೆ ಕೇರಿಯವಳು, ಎಪ್ಪತ್ತರ ಹತ್ತಿರ. ಕರು ಅಡ್ಡ ನಿಂತರೆ ಸಾಲಿಗ್ರಾಮದ ಕಡೆಯಿಂದಲೂ ಬಂದು ಆಕೆಯನ್ನು ಕರೆದುಕೊಂಡು ಹೋಗುತ್ತಾರೆ. ನನ್ನ ಸರ್ವಿಸಿನಲ್ಲಿ ನಾಲ್ಕು ಜನ ಡಾಕ್ಟರುಗಳನ್ನು ನೋಡಿದೆ, ಆಕೆಯ ಬೆರಳಿಗಿದ್ದ ತಿಳಿವಳಿಕೆ ಅವರಿಗಿರಲಿಲ್ಲ. ದೇವರಾಜು ಜಗಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ನಾನೂ ಇದ್ದೆ.

“ಗೌಡ್ರೆ, ಅದು ನಮ್ಮ ತಾತ ಮಂಟಯ್ಯಂದು,” ಅಂದಳು. “ನಾನು ಚಿಕ್ಕವಳಾಗಿದ್ದಾಗ ಕಂಡಿವ್ನಿ. ಶಾನುಭೋಗ್ರು ಬಿಸಾಕಿದ್ದ ಹಳೇ ಕಡತ ತಂದು, ಉಣಸೆಬೀಜ ಅರ್ದು ಬಳ್ದು, ಅದ್ರಲ್ಲೇ ಬರೀತಿದ್ದ. ನಿಮ್ಮಟ್ಟಿ ದನ ನೋಡಾಕೆ ಬಂದಾಗ ಕೊಟ್ಗೆ ಜಂತೇಲಿ ಸಿಕ್ಸಿ ಓಯ್ತಿದ್ದ. ನಮ್ಮ ಗುಡ್ಲು ಸೋರ್ತಿತ್ತು.”

ದೇವರಾಜು ನಕ್ಕ. “ಮಂಟಯ್ಯ ದನ ನೋಡ್ತಿದ್ದ, ಸರಿ ಕಣಮ್ಮ. ಅವ್ನಿಗೆ ಅಕ್ಸರ ಎಲ್ಲಿಂದ ಬಂತು?”

“ಕಪ್ಪಡೀಲಿ ತಂಬೂರಿ ಇಡ್ದು ಕತೆ ಯೋಳೋ ಒಬ್ರು ನೀಲಗಾರರ ತಾವ ಕಲ್ತಿದ್ದ.”

“ಆಮೇಲೆ ತತ್ತ್ವ ಬರ್ದ, ಅಲ್ವಾ?” ದೇವರಾಜು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ನಡಿಯಮ್ಮ, ನಡಿ. ನಾಳಿಕೆ ಕೊಟ್ಗೇಲಿ ಸಗಣಿ ಸಿಕ್ರೆ ಅದೂ ನಮ್ಮ ತಾತಂದು ಅಂತ ಬತ್ತೀಯ.”

ಮಲ್ಲಾಜಮ್ಮ ಹೋಗಲಿಲ್ಲ. “ಕಡತ ನೀವೇ ಮಡೀಕಳಿ ಗೌಡ್ರೆ. ಕಲ್ಲು ಕೆತ್ತಿಸ್ತಾ ಇದೀರಂತಲ್ಲ, ಅದ್ರಲ್ಲಿ ನಮ್ಮ ತಾತನ ಎಸ್ರು ಆಕ್ಸಿ. ಅಷ್ಟೇ ಸಾಕು.”

ಕಲ್ಲು ಕೆತ್ತಿಸುತ್ತಿದ್ದದ್ದು ನಿಜ. ‘ತತ್ತ್ವಜ್ಞಾನಿ ಕರೀಗೌಡಜ್ಜ ವಿರಚಿತ’ ಎಂದು. ದೇವರಾಜು ಎದ್ದು ಒಳಗೆ ಹೋದ. ಮಲ್ಲಾಜಮ್ಮ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹುಡುಕಿದೆ. ಊರಿನ ಮೇಲೆ ಇಷ್ಟು ಸಿಟ್ಟು ಇಟ್ಟುಕೊಂಡ ನಾನು ಆವತ್ತು ಒಂದು ಮಾತೂ ಆಡಲಿಲ್ಲ. ಹೆಂಡತಿಯ ಊರು, ಸುಮ್ಮನೆ ಯಾಕೆ ಎಂದುಕೊಂಡೆ. ಅದು ಈಗಲೂ ನನ್ನನ್ನು ಕುಟುಕುತ್ತದೆ.

ದೇವರಾಜುವಿಗೆ ತನ್ನ ಸುಳ್ಳೊಂದೇ ಸಾಕಾಗಿದ್ದರೆ ಬಚಾವಾಗುತ್ತಿದ್ದ. ಅವನಿಗೆ ಸರ್ಟಿಫಿಕೇಟು ಬೇಕಾಯಿತು. ಯಾರೋ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದರು. ಹೊರದೇಶದಲ್ಲಿ ಹಳೇ ಪುಸ್ತಕದ ಹಾಳೆ, ಹಳೇ ಚಿತ್ರದ ಬಣ್ಣ, ಮಣ್ಣಲ್ಲಿ ಸಿಕ್ಕ ಕುಡಿಕೆ ಇಂಥವುಗಳಲ್ಲಿ ಒಣಗಿ ಉಳಿದ ಪ್ರೋಟೀನು ಹುಡುಕಿ, ಬರೆದವನ ರೋಗ, ಬಣ್ಣಕ್ಕೆ ಬೆರೆಸಿದ ಮೊಟ್ಟೆ, ಕುಡಿಕೆಯಲ್ಲಿದ್ದ ಹಾಲು ಎಲ್ಲ ಪತ್ತೆ ಮಾಡುತ್ತಾರಂತೆ. ಕಣ್ಣೀರೂ ಸಿಗುತ್ತದಂತೆ. ಮೈಸೂರಿನ ಒಂದು ಲ್ಯಾಬಿನಲ್ಲಿ ಈ ಕೆಲಸ ಮಾಡುವ ಹುಡುಗಿ ಇದ್ದಾಳೆಂದು ಯಾರೋ ಹೇಳಿದರು. ದೇವರಾಜು ಕಾರು ಕಳಿಸಿ ಕರೆಸಿದ.

ಬಂದವಳು ರೂಪಶ್ರೀ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಮಗಳು. ಕೈಗೆ ಗ್ಲೌಸು, ಬಾಯಿಗೆ ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡು ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ನೋಡಲು ಬಂದಿದ್ದ ಹೆಂಗಸರು ಕೈಮುಗಿದರು.

“ಎಷ್ಟು ಮಡೀಲಿ ಮಾಡ್ತದೆ ನೋಡು ಮಗ,” ಅಂದಳು ಒಬ್ಬಳು.

“ಮಡಿ ಅಲ್ಲ ಅಮ್ಮ, ನನ್ನ ಉಗುಳು ಇದಕ್ಕೆ ಬೀಳಬಾರದು, ಅದಕ್ಕೆ.”

“ಅದೇ ಕಣವ್ವ ಮಡಿ ಅಂದ್ರೆ.”

ದೇವರಾಜು ಹತ್ತಿರ ಬಂದ. “ಪ್ರೋಟೀನು ಅಂದ್ರೆ ನಮ್ಮುಡ್ಗ ತೇಜಸ್ ಜಿಮ್ಮಿಗೆ ಓಗಿ ಡಬ್ಬೀಲಿ ತತ್ತಾನಲ್ಲ, ಅದೇನಾ?”

ರೂಪಶ್ರೀ ನಗದೆ ವಿವರಿಸಿದಳು. “ಅದೂ ಪ್ರೋಟೀನೇ. ಮೈಯಿಂದ ಬರೋದೆಲ್ಲದರಲ್ಲೂ ಇರುತ್ತೆ ಸರ್. ಕಣ್ಣೀರಿಗೆ ಅದರದೇ ಬೇರೆ, ಎಂಜಲಿಗೆ ಬೇರೆ, ಹಾಲಿಗೆ ಬೇರೆ, ರಕ್ತಕ್ಕೆ ಬೇರೆ. ಒಣಗಿದರೂ ಬೇಗ ಹಾಳಾಗಲ್ಲ. ಅದನ್ನ ಚೂರು ಮಾಡಿ ಮಿಷಿನ್ನಲ್ಲಿ ತೂಗಿದರೆ ಯಾವುದರದು, ಯಾವ ಪ್ರಾಣಿಯದು ಅಂತ ಗೊತ್ತಾಗುತ್ತೆ.”

“ನಮ್ಮಜ್ಜಯ್ಯನ ಕಣ್ಣೀರು ಅಂತ ಎಸ್ರು ಬರ್ತದಾ?”

“ಹೆಸರು ಬರಲ್ಲ. ಮನುಷ್ಯನದಾ, ಪ್ರಾಣಿಯದಾ, ಬರೆದವರ ಕೈ ಏನು ಕೆಲಸ ಮಾಡ್ತಿತ್ತು, ಇಷ್ಟು ಹೇಳಬಹುದು.”

“ಅಷ್ಟು ಸಾಕು. ಅತ್ತಿದ್ದು ಗ್ಯಾರಂಟಿ ಆದ್ರೆ ಸಾಕು.”

ಒರೆಸಿದರೆ ಅಕ್ಷರ ಹೋಗುತ್ತದೆಂದು ಆಕೆ ಅಕ್ಷರವಿಲ್ಲದ ಕಡೆಗಳನ್ನೇ ಆರಿಸಿಕೊಂಡಳು. ಉಗುರಿನಷ್ಟು ಅಗಲದ ತೆಳು ಪ್ಲಾಸ್ಟಿಕ್ ಚೂರುಗಳನ್ನು ಒದ್ದೆ ಮಾಡಿ ಒಂದೊಂದು ಕಲೆಯ ಮೇಲೂ ಹತ್ತು ನಿಮಿಷ ಇಟ್ಟು, ಕಿತ್ತು, ಸಣ್ಣ ಸೀಸೆಗಳಿಗೆ ಹಾಕಿ ನಂಬರು ಬರೆದಳು. ಮಧ್ಯಾಹ್ನದವರೆಗೆ ಸೊಂಟ ಬಗ್ಗಿಸಿಯೇ ಇದ್ದಳು. ಕೆಲಸ ಗೊತ್ತಿದ್ದವರ ಕೈ ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮುಗಿಸುವಾಗ, ಈಚೆಗೆ ಇದನ್ನು ಯಾರು ಯಾರು ಮುಟ್ಟಿದ್ದೀರಿ ಎಂದು ಕೇಳಿದಳು.

“ನಾನೊಬ್ಬನೇ,” ಅಂದರು ಕಾಂತರಾಜು. “ಅದೂ ಸ್ನಾನ ಮಾಡಿ, ಉಪವಾಸವಿದ್ದು. ಬೇರೆಯವರು ಪುಟ ತಿರುಗಿಸಲು ನಾನು ಬಿಟ್ಟಿಲ್ಲ.”

ರೂಪಶ್ರೀ ಅದನ್ನು ಬರೆದುಕೊಂಡಳು.

ಮೂರು ತಿಂಗಳಾದ ಮೇಲೆ ರಿಪೋರ್ಟು ಫೋನಿಗೆ ಬಂತು, ಇಂಗ್ಲಿಷಿನಲ್ಲಿ, ಹನ್ನೊಂದು ಪುಟ. ದೇವರಾಜು ಅದನ್ನು ಕಾಂತರಾಜುಗೆ ಕಳಿಸಿದ. ಕಾಂತರಾಜು ಮೊದಲ ಪುಟದಲ್ಲಿ ‘ಪಾಸಿಟಿವ್’ ಎಂಬ ಪದ ನಾಲ್ಕು ಕಡೆ ಇದ್ದದ್ದು ನೋಡಿ, “ಪಾಸಿಟಿವ್ ಬಂದಿದೆ ಗೌಡ್ರೆ” ಎಂದು ಫೋನು ಮಾಡಿದರು. ಯಾವುದು ಪಾಸಿಟಿವ್ ಎಂದು ಅವರೂ ನೋಡಲಿಲ್ಲ, ಇವನೂ ಕೇಳಲಿಲ್ಲ. ಒಂದು ಭಾನುವಾರ ಬೆಳಗ್ಗೆ ಕಲ್ಲು ತೆರೆಯುವ ಸಮಾರಂಭ ಗೊತ್ತಾಯಿತು. ಶಾಮಿಯಾನ, ಮೈಕು, ಉಪ್ಪಿಟ್ಟು ಕೇಸರಿಭಾತು. ವಿಜ್ಞಾನಿಯ ಬಾಯಲ್ಲೇ ಹೇಳಿಸಬೇಕೆಂದು ರೂಪಶ್ರೀಯನ್ನು ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮಲ್ಲಾಜಮ್ಮ ಶಾಮಿಯಾನದ ಕಂಬಕ್ಕೆ ಒರಗಿ ಹಿಂದೆ ನಿಂತಿದ್ದಳು. ಕಲ್ಲಿನ ಮೇಲೆ ಹಳದಿ ಬಟ್ಟೆ ಹೊದಿಸಿತ್ತು. ಆಕೆ ಅದನ್ನೇ ನೋಡುತ್ತಿದ್ದಳು.

ಕಾಂತರಾಜು ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ರೂಪಶ್ರೀಯ ಕೈಗೆ ಮೈಕು ಬಂತು.

“ನಾನು ಮೊದಲೇ ಕಳಿಸಿದ್ದೆ, ಓದಿದ್ದೀರಿ ಅಂದುಕೊಂಡೆ,” ಎಂದು ಶುರು ಮಾಡಿದಳು. “ಕಣ್ಣೀರಿನ ಪ್ರೋಟೀನು ಯಾವ ಮಡಿಕೆಯಲ್ಲೂ ಇಲ್ಲ.”

ಉಪ್ಪಿಟ್ಟು ಬಡಿಸುತ್ತಿದ್ದವರು ಸೌಟು ಹಿಡಿದು ನಿಂತರು. ದೇವರಾಜು ಕಾಂತರಾಜುವಿನ ಕಡೆ ನೋಡಿದ. ಕಾಂತರಾಜು ಆಕಾಶ ನೋಡಿದರು.

“ಎಲ್ಲ ಮಡಿಕೆಯಲ್ಲೂ ಮನುಷ್ಯರ ಎಂಜಲಿದೆ. ಬರೆದವರು ಬೆರಳಿಗೆ ಉಗುಳು ಹಚ್ಚಿ ಅಳಿಸಿ, ಮತ್ತೆ ಬರೆದಿದ್ದಾರೆ. ತುಂಬ ಸಲ ತಿದ್ದಿದ್ದಾರೆ. ಇನ್ನು ಆ ಬಿಳಿ ಕಲೆಗಳು.” ಆಕೆ ಪದ ಹುಡುಕಿದಳು. “ಅದು ಹಸುವಿನದು. ಗಬ್ಬವಾಗಿದ್ದಾಗ ಮಾತ್ರ ಹಸುವಿನ ಒಳಗೆ ಆಗುವ ಪ್ರೋಟೀನು. ಕರು ಹಾಕಿದ ಮೇಲೆ ಬೀಳುತ್ತಲ್ಲ, ಅದರದು.”

“ಯಾತರದವ್ವ?” ಅಂದಳು ಹಿಂದಿನಿಂದ ಒಬ್ಬ ಅಜ್ಜಿ, ಗೊತ್ತಿದ್ದೂ.

“ಕಸದ್ದು.”

ಡೇರಿಯ ಹೆಂಗಸರಿಗೆ ಈ ಸಲ ಸೆರಗು ಸಾಲಲಿಲ್ಲ. ಇಡೀ ಶಾಮಿಯಾನ ನಕ್ಕಿತು. ಕರ್ಮವಾಗಿದ್ದ ಕಸ ಮೈಕಿನಲ್ಲಿ ಎಲ್ಲರೆದುರು ಮತ್ತೆ ಹಸುವಿನ ಕಸವಾಯಿತು. ನನಗೆ ಎದ್ದು ಕುಣಿಯಬೇಕೆನಿಸಿತು. ಅರವತ್ತಾರು ವರ್ಷದವನು ಎಂದು ಸುಮ್ಮನಿದ್ದೆ.

“ಇದು ಒಂದೇ ಹಸುವಿನದಲ್ಲ, ಬೇರೆ ಬೇರೆ ಕಾಲದಲ್ಲಿ ಬಿದ್ದ ಕಲೆಗಳು,” ಅಂದಳು ರೂಪಶ್ರೀ, ನಗು ಇಳಿದ ಮೇಲೆ. “ಹಸುವಿನ ಬಾಯಿ ಜೊಲ್ಲೂ ಇದೆ. ಅಂದರೆ ಬರೆದ ಕೈ ದಿನಾ ದನದ ಬಾಯಿಗೆ, ಗರ್ಭಕ್ಕೆ ಹೋಗುತ್ತಿದ್ದ ಕೈ. ಕೆಲಸದ ನಡುವೆ ಬಂದು ಬರೆದಿದ್ದಾರೆ. ಮತ್ತೆ, ಪುಟದ ಮೂಲೆಗಳಲ್ಲಿ, ಮೇಲಿನ ಪದರದಲ್ಲಿ ಮಾತ್ರ, ಕೋಳಿ ಮಾಂಸದ ಪ್ರೋಟೀನು ಸಿಕ್ಕಿದೆ. ಅದು ಹಳೆಯದಲ್ಲ. ಈಚೆಗೆ ಪುಟ ತಿರುಗಿಸಿದವರ ಬೆರಳಿನದು.”

ಎಲ್ಲರೂ ಕಾಂತರಾಜು ಬೆರಳು ನೋಡಿದರು. ಅವರು ಕೈಯನ್ನು ಶಾಲಿನ ಒಳಗೆ ಎಳೆದುಕೊಂಡರು.

ಆ ಮನುಷ್ಯನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆ ಯಾರಾದರೂ ಆಗಿದ್ದರೆ ಬಸ್‌ಸ್ಟ್ಯಾಂಡ್ ಹುಡುಕಿಕೊಂಡು ಹೋಗುತ್ತಿದ್ದರು. ಕಾಂತರಾಜು ಐದು ನಿಮಿಷ ದೇವರಾಜುವಿನ ಕಿವಿಯಲ್ಲಿ ಪಿಸುಗುಟ್ಟಿ, ಎದ್ದು ಮೈಕು ತೆಗೆದುಕೊಂಡರು. “ಬಂಧುಗಳೇ, ವಿಜ್ಞಾನ ನಮ್ಮ ಕಣ್ಣು ತೆರೆಸಿತು. ಕರೀಗೌಡಜ್ಜ ಬರಿಯ ಜ್ಞಾನಿಯಲ್ಲ, ಗೋಸೇವಕ! ಗೋಮಾತೆಯ ಪ್ರಸವಕ್ಕೆ ತನ್ನ ಕೈಯನ್ನೇ ಅರ್ಪಿಸಿದ ಪುಣ್ಯಾತ್ಮ. ಇವು ಅವರ ಕಣ್ಣೀರಲ್ಲ, ಗೋಮಾತೆಯ ಆನಂದಬಾಷ್ಪ.”

ದೇವರಾಜುವಿನ ಮುಖ ಮತ್ತೆ ಅರಳಿತು. ಅವನು ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟು, “ಅವ್ದು ಕಣ್ರೀ. ನಮ್ಮಜ್ಜಯ್ಯ ಸ್ವಂತ ಕೈಯಲ್ಲಿ ಅಸಿನ ಕಸ ತೆಗೀತಿದ್ರು. ನಮ್ಮನೇಲಿ ಇದ ಎಲ್ರೂ ಯೋಳ್ತಿದ್ರು” ಅಂದ. ಕರೀಗೌಡ ಕೊಟ್ಟಿಗೆಯ ಕಡೆ ಗಾಳಿ ಬೀಸಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಎಂದು ನನ್ನ ಮಾವ ಹೇಳಿದ್ದು ನನಗೆ ನೆನಪಿದೆ. ಆದರೆ ಜನ ಆಗಲೇ ತಲೆದೂಗತೊಡಗಿದ್ದರು. ನಕ್ಕವರೇ ತಲೆದೂಗುತ್ತಿದ್ದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಸುಳ್ಳು ಸಿಕ್ಕಿಬಿದ್ದ ಮೇಲೂ ಹೀಗೆ ಎದ್ದು ನಡೆಯುತ್ತದೆ ಎಂದರೆ ಇನ್ನು ಲ್ಯಾಬು ಯಾಕೆ, ಮಿಷಿನ್ನು ಯಾಕೆ?

ದೇವರಾಜು ಹಳದಿ ಬಟ್ಟೆಯ ತುದಿ ಹಿಡಿದ. ಅಷ್ಟರಲ್ಲಿ ಅವನ ತಾಯಿ ಕುಳ್ಳಮ್ಮ ಹಿಂದಿನ ಕೊಟ್ಟಿಗೆಯ ಕಡೆಯಿಂದ ಬಂದರು. ಎಂಬತ್ತು ದಾಟಿದ ಹೆಂಗಸು, ಆ ಮನೆಯಲ್ಲಿ ಇನ್ನೂ ಹಸುವಿನ ಹತ್ತಿರ ಹೋಗುವ ಒಬ್ಬರೇ ಜೀವ. ಸಮಾರಂಭ, ಮೈಕು ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ.

“ಕಂಠಪ್ಪ, ಒಸಿ ಬಾರಪ್ಪ. ಮೊನ್ನೆ ಬೈಗ್ನಲ್ಲಿ ಕರ ಆಕಿದ ಸೀಮೆ ಅಸ ಇನ್ನೂ ಕಸ ಆಕಿಲ್ಲ. ಬಿದಿರೆಲೆ ಬೆಲ್ಲ ಕೊಟ್ಟೂ ಕೊಟ್ಟೂ ಸಾಕಾಯ್ತು. ನಾತ ಬತ್ತಾ ಅದೆ. ಅಸ ಓಯ್ತದೆ ಕಣಪ್ಪ.”

ನಾನು ಎದ್ದೆ.

“ಕೂತ್ಕಳಿ ಡಾಕ್ಟ್ರೆ,” ಅಂದಳು ಮಲ್ಲಾಜಮ್ಮ. ಕಂಬ ಬಿಟ್ಟು ಮುಂದೆ ಬಂದಿದ್ದಳು. ದನಿ ಎತ್ತರಿಸಿರಲಿಲ್ಲ. “ಅದು ಗೌಡ್ರ ಮನೆತನದ ವಿದ್ಯೆ ಅಂತ ಈಗಿನ್ನೂ ಅವ್ರೇ ಯೋಳಿದ್ರಲ್ಲ. ಅಜ್ಜಯ್ಯನ ರಕ್ತ ಅವ್ರ ಕೈಯಲ್ಲಿ ಅದೆ. ಗೌಡ್ರೇ ಬಂದು ತೆಗೀಲಿ.”

ಹಿಂದಿನಿಂದ ಯಾರೋ, “ಅವ್ದು, ಗೌಡ್ರೇ ತೆಗೀಲಿ” ಅಂದರು. ಇನ್ನೊಬ್ಬರು ಅಂದರು. ಹೆಂಗಸರು ಎದ್ದರು. ದೇವರಾಜು ನಗುತ್ತಲೇ, “ಅದ್ಕೇನಂತೆ” ಅಂದ. ಮೈಕಿನ ಮುಂದೆ ಹೇಳಿದ ಮಾತು ಇನ್ನೂ ಆರಿರಲಿಲ್ಲ, ಇಲ್ಲ ಅನ್ನುವಂತಿರಲಿಲ್ಲ. ಮಂಟಪದ ಹಿಂದೆಯೇ ಕೊಟ್ಟಿಗೆಯ ಉಳಿದ ಅರ್ಧ. ಊರೆಲ್ಲ ಅವನ ಹಿಂದೆ ಅಲ್ಲಿಗೆ ನಡೆಯಿತು, ರೂಪಶ್ರೀ ಕೂಡ. ಕಾಂತರಾಜು ಮಾತ್ರ ಕಾರಿನ ಕಡೆ ಹೋದರು.

ಹಸು ಬೆನ್ನು ಬಾಗಿಸಿ ನಿಂತಿತ್ತು. ಬಾಲದ ಕೆಳಗೆ ಕಂದು ಬಣ್ಣದ ಕಸ ಮೊಣಕಾಲಿನವರೆಗೆ ಜೋತುಬಿದ್ದಿತ್ತು, ನೊಣ ಮುತ್ತಿತ್ತು. ಆ ವಾಸನೆಯನ್ನು ಉಂಡವರಿಗೇ ಗೊತ್ತು. ಕುಳ್ಳಮ್ಮ ಬಿಸಿನೀರಿನ ಬಕೆಟ್ಟು, ಸೋಪು ತಂದಿಟ್ಟರು. ದೇವರಾಜು ವಾಚು ಬಿಚ್ಚಿದ. ಬಿಳಿ ಶರ್ಟಿನ ತೋಳು ಮಡಿಸಿದ. ಎರಡು ಹೆಜ್ಜೆ ಮುಂದಿಟ್ಟ. ಹಸು ತಿಣುಕಿತು, ಒಂದಿಷ್ಟು ಕೀವುನೀರು ಅವನ ಪಂಚೆಯ ಮೇಲೆ ಸಿಡಿಯಿತು.

ಅವನು ಹಿಂದೆ ಹಾರಿ, ಗೋಡೆಗೆ ಕೈ ಊರಿ, ಬೆಳಗಿನ ಕೇಸರಿಭಾತನ್ನೆಲ್ಲ ಕಕ್ಕಿದ. ಆಮೇಲೆ ಟವಲ್ಲಿನಿಂದ ಮೂಗು ಮುಚ್ಚಿಕೊಂಡು ಕೂಗಾಡಿದ.

“ಥೂ, ಏನ್ರೀ ಇದು! ನಮ್ಮ ವಂಶದಲ್ಲಿ ಯಾವನಾದ್ರೂ ಇದ್ಕೆ ಕೈ ಆಕವ್ನಾ? ನಮ್ಮಪ್ಪ ಆಕಿಲ್ಲ, ನಮ್ಮಜ್ಜ ಆಕಿಲ್ಲ, ಇದು ನಾವು ಮಾಡೋ ಕೆಲ್ಸಾನೇ ಅಲ್ಲ. ಇದ್ಕೆ ಅಂತ ನಿಮ್ಮೋರಿದ್ರಲ್ಲಮ್ಮ! ಈ ಕೊಟ್ಗೇಲಿ ಸಾಯೋಗಂಟ ಕೈ ಆಕಿದ್ದು ನಿಮ್ಮ ತಾತ ಅಲ್ವಾ? ಮಾಡೋ ಕೆಲ್ಸ ನೀನು ಮಾಡು!”

ತಾನು ಏನು ಹೇಳಿದೆನೆಂದು ಅವನೊಬ್ಬನಿಗೆ ತಿಳಿದಿರಲಿಲ್ಲ.

ಮಲ್ಲಾಜಮ್ಮ ಸೆರಗು ಸೊಂಟಕ್ಕೆ ಬಿಗಿದಳು. ಬಳೆ ತೆಗೆದು ಗೂಟಕ್ಕೆ ಹಾಕಿದಳು. ಮೊಣಕೈ ಮೇಲಿನವರೆಗೆ ಸೋಪು ಹಚ್ಚಿ ತೊಳೆದುಕೊಂಡಳು. ಎಡಗೈಯನ್ನು ಹಸುವಿನ ಬೆನ್ನ ಮೇಲಿಟ್ಟು, ಅದರ ಕಿವಿಯ ಹತ್ತಿರ ಏನೋ ಮಾತಾಡಿದಳು. ಕಾಲು ಝಾಡಿಸುತ್ತಿದ್ದ ಹಸು ಸುಮ್ಮನಾಯಿತು. ಆಕೆ ಬಲಗೈಯನ್ನು ಒಳಕ್ಕೆ ಬಿಡಲಿಲ್ಲ. ಹಾಗೆಯೇ ನಿಂತು ರೂಪಶ್ರೀಯ ಕಡೆ ತಿರುಗಿದಳು.

“ಅವ್ವ, ಬರ್ದ ಕೈ ಏನು ಕೆಲ್ಸ ಮಾಡ್ತಿತ್ತು ಅಂತ ಮಿಷಿನ್ನು ಯೋಳ್ತು. ಆ ಕೆಲ್ಸ ಇಲ್ಲಿ ಯಾರು ಮಾಡ್ತಿದ್ರು ಅಂತ ಗೌಡ್ರು ಯೋಳಿದ್ರು. ಎರಡ್ನೂ ಒಂದೇ ಕಡೆ ಬರ್ಕೊ.”

ರೂಪಶ್ರೀ ಬ್ಯಾಗಿನಿಂದ ರಿಪೋರ್ಟು ತೆಗೆದು, ಕೊನೆಯ ಪುಟ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದಳು. “ನಿಮ್ಮ ತಾತನ ಹೆಸರು ಹೇಳಿ ಅಜ್ಜಿ.”

ಮಲ್ಲಾಜಮ್ಮ ದೇವರಾಜುವನ್ನೇ ನೋಡುತ್ತಿದ್ದಳು. “ನಾನು ಯೋಳಿದ್ರೆ ಯಾರೂ ನಂಬಾಕಿಲ್ಲ. ಗೌಡ್ರೇ ಯೋಳ್ಲಿ.”

ದೇವರಾಜು ಆಚೆ ಈಚೆ ನೋಡಿದ. ಹಸು ನರಳಿತು. ಅವನ ತಾಯಿ ಕುಳ್ಳಮ್ಮ ಬಕೆಟ್ಟನ್ನು ನೆಲಕ್ಕೆ ಕುಕ್ಕಿದರು.

“ಯೋಳೋ! ಮನೆ ಅಸ ಸಾಯ್ತಾ ಅದೆ, ಎಸ್ರು ಯೋಳಾಕೆ ಏನೋ ನಿಂಗೆ ಬಂದಿರಾದು?”

“ಮಂಟಯ್ಯ,” ಅಂದ ದೇವರಾಜು, ಟವಲ್ಲಿನ ಒಳಗೆ.

“ಕೇಳ್ನಿಲ್ಲ,” ಅಂದಳು ಮಲ್ಲಾಜಮ್ಮ.

ಅವನು ಬಾಯಿಂದ ಟವಲ್ಲು ತೆಗೆದು, ಊರೆಲ್ಲ ಕೇಳುವ ಹಾಗೆ, “ಮಂಟಯ್ಯ” ಅಂದ. ರೂಪಶ್ರೀ ಬರೆದಳು. ಮಲ್ಲಾಜಮ್ಮ ಆಮೇಲೆ ಕೈ ಇಟ್ಟಳು.